ನಾನು ಕತ್ತರಿಸಿದ ಐವತ್ತು ಸೆಕೆಂಡು

ದೋಹಾದಲ್ಲಿ ನೆನಪು ಅಂದರೆ ಒಂದು ಕಾಂಟ್ರಾಕ್ಟು. ಸೆಕೆ ಇಳಿದು ಚಳಿ ಶುರುವಾದರೆ ಸಾಕು, ಕಡಲ ತೀರದಲ್ಲಿ ಡೇರೆಗಳು ಏಳುತ್ತವೆ. ಒಂದೊಂದು ಡೇರೆಗೂ ಒಂದೊಂದು ಸಂಸ್ಕೃತಿ, ಒಂದೊಂದು ಸಂಸ್ಕೃತಿಗೂ ಅದನ್ನು ನಿಲ್ಲಿಸಿ, ದೀಪ ಹಾಕಿ, ಕೊನೆಯ ದಿನ ಮಡಚಿ ಲಾರಿಗೆ ತುಂಬುವ ಒಂದೊಂದು ಕಂಪೆನಿ. ಅಂಥ ಒಂದು ಕಂಪೆನಿಯಲ್ಲಿ ನನ್ನ ಹೊಟ್ಟೆಪಾಡು. ನಾನು ಈ ಊರಿಗೆ ಬಂದದ್ದು ಕಟ್ಟಡದ ಕಂಪೆನಿಯೊಂದರ ಡಾಕ್ಯುಮೆಂಟ್ ಕಂಟ್ರೋಲರ್ ಆಗಿ. ನಕ್ಷೆಗಳಿಗೆ ನಂಬರು ಹಾಕಿ ಕಪಾಟಿನಲ್ಲಿ ಇಡುವುದು, ಕೇಳಿದಾಗ ತೆಗೆದುಕೊಡುವುದು, ಅಷ್ಟೇ ಕೆಲಸ. ಆ ಕಂಪೆನಿ ಬಾಗಿಲು ಹಾಕಿದ ಮೇಲೆ ಇಲ್ಲಿ ಸೇರಿಕೊಂಡೆ. ಈಗ ನಕ್ಷೆಗಳ ಬದಲು ಜನರ ಮಾತಿಗೆ ನಂಬರು ಹಾಕುತ್ತೇನೆ. ಧ್ವನಿಮುದ್ರಣ ಮಾಡುವುದು, ಬರಹಕ್ಕೆ ಇಳಿಸುವುದು, ಉದ್ದವಾದದ್ದನ್ನು ಕತ್ತರಿಸುವುದು ಎಲ್ಲ ನನ್ನದೇ. ಕತ್ತರಿಸುವುದರಲ್ಲಿ ನನ್ನದು ಎತ್ತಿದ ಕೈ ಎಂದು ಆಫೀಸಿನಲ್ಲಿ ಹೆಸರಿತ್ತು. ಆ ಹೆಸರಿನ ಬಗ್ಗೆ ನನಗೆ ಹೆಮ್ಮೆಯೂ ಇತ್ತು ಎಂದು ಈಗ ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ನಮ್ಮ ಮ್ಯಾನೇಜರ್ ಮುಂಬಯಿಯವರು. ಲಂಡನ್ನಿನಲ್ಲಿ ಎರಡು ವರ್ಷ ಓದಿ, ಅಲ್ಲಿಂದ ‘ಸ್ಟೋರಿಟೆಲಿಂಗ್’ ಎಂಬ ಒಂದೇ ಶಬ್ದವನ್ನು ಹೊತ್ತು ತಂದಿದ್ದರು. ಸಾಬೂನಿಗೂ ಸ್ಟೋರಿ, ಬ್ಯಾಂಕಿಗೂ ಸ್ಟೋರಿ, ಸತ್ತವರಿಗೂ ಸ್ಟೋರಿ. ಆ ವರ್ಷ ನಮಗೆ ಸಿಕ್ಕ ಡೇರೆಯ ವಿಷಯ, ಊರು ಬಿಟ್ಟು ಕಡಲು ದಾಟಿ ಬಂದವರ ನೆನಪುಗಳು. ಮ್ಯಾನೇಜರರ ಲ್ಯಾಪ್‌ಟಾಪಿನಲ್ಲಿ ಒಂದು ಪಟ್ಟಿ ಇತ್ತು. ಒಂದೊಂದು ದೇಶದ ಎದುರೂ ಒಂದೊಂದು ಚೌಕ. ಸಿಕ್ಕಿದವಕ್ಕೆ ಹಸಿರು, ಸಿಗದವಕ್ಕೆ ಕೆಂಪು. ಸೊಮಾಲಿಯಾದ ಎದುರು ಕೆಂಪು ಇತ್ತು.

“ಹೆಂಗಸಾಗಿರಬೇಕು, ವಯಸ್ಸಾಗಿರಬೇಕು, ಯುದ್ಧ ಕಂಡಿರಬೇಕು” ಎಂದರು. “ಸ್ವಲ್ಪ ಅತ್ತರೆ ಇನ್ನೂ ಒಳ್ಳೆಯದು.”

ವಧು ಬೇಕಾಗಿದ್ದಾಳೆ ಎಂಬ ಜಾಹೀರಾತಿನಲ್ಲೂ ಇಷ್ಟು ನಾಚಿಕೆಗೆಟ್ಟ ಷರತ್ತುಗಳು ಇರುವುದಿಲ್ಲ. ಆದರೆ ನಾನು ಮೂಗು ಮುರಿಯಲಿಲ್ಲ. ಹಲ್ಲು ಗಿಂಜಿ, “ನನ್ನ ವಿಲ್ಲಾದಲ್ಲೇ ಒಬ್ಬರಿದ್ದಾರೆ ಸರ್” ಎಂದೆ. ಕೆಂಪು ಚೌಕ ಅಲ್ಲೇ ಹಳದಿಯಾಯಿತು.

ನಾವಿರುವುದು ಐನ್ ಖಾಲಿದಿನಲ್ಲಿ. ವಿಲ್ಲಾ ಎಂದೊಡನೆ ಊರಿನ ನೆಂಟರು ನಮ್ಮದೊಂದು ಬಂಗಲೆ ಎಂದು ತಿಳಿದು ಹೊಟ್ಟೆ ಉರಿಸಿಕೊಳ್ಳುತ್ತಾರೆ. ಇರುವ ಒಂದು ಮನೆಯನ್ನು ಜಿಪ್ಸಂ ಹಲಗೆಯಿಂದ ಆರು ಪಾಲು ಮಾಡಿ, ಆರು ಸಂಸಾರಗಳನ್ನು ತುರುಕಿದ್ದಾರೆ. ನಮ್ಮ ಅಡುಗೆಮನೆಯ ಗೋಡೆಯ ಆಚೆ ಒಂದು ಸೊಮಾಲಿ ಕುಟುಂಬ. ಮಗ ಸಾಗಣೆ ಕಂಪೆನಿಯೊಂದರಲ್ಲಿ ಸೂಪರ್‌ವೈಸರ್. ಬೆಳಗ್ಗೆ ಹೋದರೆ ಸಂಜೆಯೇ ಬರುವುದು. ಅವನ ಮಗಳು ದೋಹಾದಲ್ಲೇ ಹುಟ್ಟಿ ಬೆಳೆದು ಕಾಲೇಜಿಗೆ ಹೋಗುವ ಹುಡುಗಿ, ನನ್ನ ಮಗಳಿಗೆ ಗೆಳತಿ. ಮತ್ತು ಅವನ ತಾಯಿ, ಎಪ್ಪತ್ತು ದಾಟಿದ ಅಜ್ಜಿ. ಮೊಮ್ಮಗಳು ಅವರನ್ನು ‘ಅಯೇಯೊ’ ಎಂದು ಕರೆಯುತ್ತಿದ್ದಳು. ಅವರ ಭಾಷೆಯಲ್ಲಿ ಅಜ್ಜಿ ಎಂದರ್ಥ. ನಾವೂ ಹಾಗೆಯೇ ಕರೆಯುತ್ತಿದ್ದೆವು.

ದಿನಾ ಬೆಳಗ್ಗೆ ನನ್ನ ಹೆಂಡತಿ ದೋಸೆ ಹುಯ್ಯುವ ಹೊತ್ತಿಗೆ ಗೋಡೆಯಾಚೆಯಿಂದ ಅಯೇಯೊ ಅವರ ಸ್ವರ ಕೇಳುತ್ತಿತ್ತು. ಒಂದೇ ಲಯದಲ್ಲಿ ಹೋಗುವ ಗಟ್ಟಿ ಸ್ವರ. ಪ್ರಾರ್ಥನೆ ಇರಬೇಕು ಎಂದು ನನ್ನ ಹೆಂಡತಿ ಅಷ್ಟು ಹೊತ್ತು ಮಿಕ್ಸಿ ತಿರುಗಿಸುತ್ತಿರಲಿಲ್ಲ. ಪ್ರಾರ್ಥನೆಯಲ್ಲ, ಪದ್ಯ ಎಂದು ತಿಳಿದದ್ದು ನಾನು ಮೈಕು ಹಿಡಿದುಕೊಂಡು ಅವರ ಮನೆಗೆ ಹೋದಾಗ.

ಹೋದದ್ದು ಒಂದು ಶನಿವಾರ ಬೆಳಗ್ಗೆ. ಮಣ್ಣಿನ ಧೂಪದ ಪಾತ್ರೆಯಿಂದ ಹೊಗೆ ಏಳುತ್ತಿತ್ತು. ಏಲಕ್ಕಿ, ಚಕ್ಕೆ ಹಾಕಿದ ಚಹಾ ಬಂತು. ನನಗೆ ಅವರ ಭಾಷೆಯ ಒಂದಕ್ಷರ ಬರುವುದಿಲ್ಲ. ಅವರ ಅರಬ್ಬಿ ಮತ್ತು ನನ್ನ ಗಲ್ಫಿನ ಹರಕು ಅರಬ್ಬಿ ಸೇರಿದರೆ ಕುಶಲ ಕೇಳುವಷ್ಟು ಮಾತ್ರ ನಡೆಯುತ್ತಿತ್ತು. ಆದ್ದರಿಂದ ಮೊಮ್ಮಗಳು ನಡುವೆ ಕುಳಿತು ಇಂಗ್ಲಿಷಿಗೆ ತಿರುಗಿಸುತ್ತಿದ್ದಳು. ಅವಳ ಸೊಮಾಲಿಯೂ ಅಷ್ಟಕ್ಕಷ್ಟೆ. ಅಜ್ಜಿ ಹತ್ತು ವಾಕ್ಯ ಹೇಳಿದರೆ ಇವಳು ಎರಡು ಹೇಳಿ, ಉಳಿದದ್ದಕ್ಕೆ ‘ಹಾಗೇ ಏನೇನೋ’ ಎಂದು ಕೈ ಬೀಸುತ್ತಿದ್ದಳು. ಅವಳನ್ನು ಆಡಿಕೊಳ್ಳುವ ಯೋಗ್ಯತೆ ನನಗಿಲ್ಲ. ನನ್ನ ಮಗಳಿಗೆ ತನ್ನ ಅಜ್ಜನ ಅಪ್ಪನ ಹೆಸರು ಗೊತ್ತಿಲ್ಲ. ಕನ್ನಡ ಅಕ್ಷರಗಳನ್ನು ಅವಳು ಚಿತ್ರ ನೋಡಿದ ಹಾಗೆ ನೋಡುತ್ತಾಳೆ. ಆದರೂ ನವೆಂಬರಿನಲ್ಲಿ ನಮ್ಮ ಸಂಘದವರು ಶಾಲೆಯ ಹಾಲ್ ಹಿಡಿದು ರಾಜ್ಯೋತ್ಸವ ಮಾಡುವಾಗ, ಕೆಂಪು ಹಳದಿ ಶಾಲು ಹೊದ್ದ ಅಧ್ಯಕ್ಷರು ‘ನಾವು ನಮ್ಮ ಬೇರುಗಳನ್ನು ಮರೆತಿಲ್ಲ’ ಎಂದು ಗಂಟಲು ಹರಿದುಕೊಳ್ಳುತ್ತಾರೆ. ಆ ಭಾಷಣ ಬರೆದುಕೊಡುವವನು ನಾನೇ. ನಾಲ್ಕು ವರ್ಷದಿಂದ ಅದೇ ಭಾಷಣ, ಒಬ್ಬರಿಗೂ ಗೊತ್ತಾಗಿಲ್ಲ.

ಅಯೇಯೊ ನನ್ನನ್ನು ಮೇಲಿಂದ ಕೆಳಗೆ ನೋಡಿ, ಏನು ಬೇಕು ಎಂದು ಕೇಳಿದರು. ಯುದ್ಧದ ನೆನಪು ಎಂದೆ. ಅವರು ನಕ್ಕರು. ಹೀಯಾಳಿಸುವ ನಗು ಯಾವ ಭಾಷೆಯಲ್ಲಿದ್ದರೂ ಅರ್ಥವಾಗುತ್ತದೆ.

“ನಿರಾಶ್ರಿತರ ಕ್ಯಾಂಪಿನಲ್ಲಿದ್ದಾಗಲೂ ನೋಟ್‌ಬುಕ್ಕು ಹಿಡಿದುಕೊಂಡು ಬರುತ್ತಿದ್ದರು” ಎಂದರು. “ಎಷ್ಟು ಜನ ಸತ್ತರು, ಯಾರು ಹೊಡೆದರು, ನೀನು ಏನು ನೋಡಿದೆ ಎಂದು ಕೇಳುತ್ತಿದ್ದರು. ಬರೆದುಕೊಂಡು ಹೋದವರು ಒಬ್ಬರೂ ತಿರುಗಿ ಬರಲಿಲ್ಲ. ಯುದ್ಧ ಕೊಡುವುದಿಲ್ಲ. ಬೇಕಿದ್ದರೆ ಒಂದು ಪದ್ಯ ಕೊಡುತ್ತೇನೆ.”

ಆಮೇಲೆ ಅದರ ನಿಯಮ ಹೇಳಿದರು. ಅವರಲ್ಲಿ ಹೆಂಗಸರು ಕಟ್ಟುವ ಕಾವ್ಯಕ್ಕೆ ಬುರಾನ್‌ಬುರ್ ಎನ್ನುತ್ತಾರೆ. ಸಾಲು ಸಾಲಿನಲ್ಲೂ ಒಂದೇ ಅಕ್ಷರ ಮರಳಿ ಬರಬೇಕು, ನಮ್ಮ ಹಳೆಯ ಪದ್ಯಗಳ ಪ್ರಾಸದಂತೆಯೇ. ಒಂದು ಶಬ್ದ ಮರೆತು ಬೇರೆ ಶಬ್ದ ಹಾಕಿದರೆ ಅಕ್ಷರ ತಪ್ಪಿ ಸಿಕ್ಕಿಬೀಳುತ್ತೀರಿ. ಕಟ್ಟಿದವರು ಬೇರೆ, ಬಾಯಿಪಾಠ ಮಾಡಿ ಹೊತ್ತುಕೊಂಡು ಹೋಗುವವರು ಬೇರೆ. ಹೊರುವವರು ಪದ್ಯ ಶುರುಮಾಡುವ ಮೊದಲು ಹೇಳಬೇಕು: ಇದನ್ನು ಕಟ್ಟಿದವರು ಇಂಥವರು, ಇಂಥವರ ಮಗಳು, ಇಂಥ ಜಾಗದಲ್ಲಿ, ಇಂಥ ಕಾರಣಕ್ಕೆ, ನಾನು ಹೊತ್ತು ತಂದವಳು ಮಾತ್ರ. ಹಾಗೆ ಹೇಳದೆ ಪದ್ಯ ಹೇಳುವುದು ಕಳ್ಳತನ. “ಹೆಸರು ಬಿಟ್ಟು ಪದ್ಯವಿಲ್ಲ, ಪದ್ಯ ಬಿಟ್ಟು ಹೆಸರಿಲ್ಲ” ಎಂದು ಅಯೇಯೊ ನನ್ನ ಮೈಕಿನ ಕಡೆ ಬೆರಳು ತೋರಿಸಿ ಎಚ್ಚರಿಸಿದರು. ಆ ಪದ್ಯವನ್ನು ಕನ್ನಡಕ್ಕೆ ತರಲು ನನಗೆ ಬರುವುದಿಲ್ಲ. ಆದ್ದರಿಂದಲೇ ಇಲ್ಲಿ ಆ ಹೆಸರನ್ನೂ ಬರೆದಿಲ್ಲ.

ಇದು ನನಗೆ ಹೊಸ ವಿಷಯವೇನಾಗಿರಲಿಲ್ಲ. ನಾವು ಮನೆಯಲ್ಲಿ ಕೊಂಕಣಿ ಆಡುವ, ಭಾನುವಾರ ಚರ್ಚಿಗೆ ಹೋಗುವ ಕಥೋಲಿಕರಾದರೂ ನಾನು ಕಲಿತದ್ದು ದಕ್ಷಿಣ ಕನ್ನಡದ ಒಂದು ಕನ್ನಡ ಶಾಲೆಯಲ್ಲಿ. ಅಲ್ಲಿಯ ಕನ್ನಡ ಪಂಡಿತರು ವಚನ ಒಪ್ಪಿಸುವಾಗ ಅಂಕಿತ ನುಂಗಿದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಅಂಕಿತ ಬಿಟ್ಟರೆ ಅದು ವಚನವಲ್ಲ, ಕದ್ದ ಮಾಲು ಎನ್ನುತ್ತಿದ್ದರು. ನಾನೂ ಬೆಂಚು ಹತ್ತಿದವನೇ. ಬೇರೆ ಯಾರಾದರೂ ಈ ತಪ್ಪು ಮಾಡಿದ್ದರೆ ಗೊತ್ತಿಲ್ಲದೆ ಮಾಡಿದರು ಎನ್ನಬಹುದಿತ್ತು.

ಪದ್ಯ ಕಟ್ಟಿದ್ದು ಅಯೇಯೊ ಅವರ ತಂಗಿ. ಮೊಗದಿಶುವಿನಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದವಳು. ಊರಿನ ಗಂಡಸರು ಕುಲ ಕುಲವಾಗಿ ಬಡಿದಾಡಿಕೊಂಡಾಗ ಅಕ್ಕ ತಂಗಿ ಮಕ್ಕಳನ್ನು ಕಟ್ಟಿಕೊಂಡು ಲಾರಿ ಹತ್ತಿ ಗಡಿಯ ಕಡೆ ಹೊರಟರು. ಲಾರಿ ಕೆಟ್ಟು, ಒಂದು ಮುಳ್ಳುಮರದ ಕೆಳಗೆ ಹನ್ನೊಂದು ದಿನ ಕುಳಿತರು. ತಂಗಿಗೆ ಜ್ವರ. ಜ್ವರದಲ್ಲೇ ಪದ್ಯ ಕಟ್ಟಿದಳು, ಕಟ್ಟಿದ್ದನ್ನು ಕಟ್ಟಿದ ಹಾಗೆಯೇ ಅಕ್ಕನಿಗೆ ಬಾಯಿಪಾಠ ಮಾಡಿಸಿದಳು. ಅಕ್ಕ ಒಂದು ಸಾಲು ತಪ್ಪಿದರೆ ಬೈಯುತ್ತಿದ್ದಳಂತೆ. ಹನ್ನೊಂದನೆಯ ದಿನ ತೀರಿಕೊಂಡಳು. ಅಲ್ಲೇ ಮಣ್ಣು ಮಾಡಿ ಮುಂದೆ ಹೋದರು. ಆ ಮರ ಯಾವುದು ಎಂದು ಇವತ್ತು ಯಾರೂ ತೋರಿಸಲಾರರು.

ಪದ್ಯ ಅಳುವ ಪದ್ಯವಲ್ಲ. ಮೊಮ್ಮಗಳು ತಿಳಿದಷ್ಟು ಹೇಳಿದಳು. ಮೂವತ್ತು ತಲೆಮಾರಿನ ಅಜ್ಜಂದಿರ ಹೆಸರನ್ನು ತಡವರಿಸದೆ ಹೇಳುವ ಗಂಡಸರೇ, ಪಕ್ಕದ ಮನೆಯವಳ ಹೆಸರು ಎಷ್ಟು ಬೇಗ ಮರೆತಿರಿ ಎಂದು ಕೇಳುವ ಪದ್ಯ ಅದು. ನಿಮ್ಮ ಅಂಗಿಗಳಿಗೆ ಗುಂಡಿ ಹೊಲಿದವಳು ನಾನು, ನಿಮ್ಮಲ್ಲಿ ಯಾರ ಎದೆ ಎಷ್ಟು ಇಂಚು ಎಂದು ನನಗೆ ಗೊತ್ತು, ಒಬ್ಬನದೂ ಹೇಳಿಕೊಳ್ಳುವಷ್ಟು ಅಗಲವಿಲ್ಲ ಎಂದು ಒಂದು ಕಡೆ ಬರುತ್ತದಂತೆ. ಅಯೇಯೊ ಅದನ್ನು ಹೇಳುವಾಗ ಅಳಲಿಲ್ಲ. ಬೆನ್ನು ನೆಟ್ಟಗೆ ಮಾಡಿ, ಎದುರಿಗೆ ಆ ಗಂಡಸರೆಲ್ಲ ಸಾಲಾಗಿ ನಿಂತಿದ್ದಾರೋ ಎಂಬಂತೆ, ಒಬ್ಬೊಬ್ಬರ ಮುಖಕ್ಕೂ ಹೇಳಿದರು. ನನಗೆ ಇಷ್ಟವಾಯಿತು. ಇಷ್ಟವಾಯಿತು ಎಂಬುದನ್ನು ನನ್ನ ಪರವಾಗಿ ಲೆಕ್ಕಕ್ಕೆ ಹಿಡಿಯಬೇಡಿ, ಇಷ್ಟವಾದ ಮೇಲೆಯೇ ನಾನು ಅದನ್ನು ಕೆಡಿಸಿದ್ದು.

ಧ್ವನಿಮುದ್ರಣ ಒಟ್ಟು ನಾಲ್ಕು ನಿಮಿಷದ ಹತ್ತಿರ ಇತ್ತು. ಡೇರೆಯ ನಿಯಮ ಮೂರು ನಿಮಿಷ. ಮೂರು ನಿಮಿಷಕ್ಕಿಂತ ಹೆಚ್ಚು ಹೊತ್ತು ಜನ ನಿಲ್ಲುವುದಿಲ್ಲ ಎಂದು ಲಂಡನ್ನಿನಲ್ಲಿ ಯಾರೋ ಕಂಡುಹಿಡಿದಿದ್ದರಂತೆ. ಮ್ಯಾನೇಜರ್ ಹೆಡ್‌ಫೋನ್ ಹಾಕಿಕೊಂಡು ಕೇಳಿದರು. ಮೊದಲ ಐವತ್ತು ಸೆಕೆಂಡು ಏನು ಎಂದರು. ಕಟ್ಟಿದವಳ ಹೆಸರು, ಅವಳ ತಂದೆ, ಅಜ್ಜ, ಮರ, ಜ್ವರ ಎಂದೆ.

“ಹೆಸರು ಬೇಡ. ಹೆಸರು ಹೇಳಿದರೆ ಯಾರೋ ಒಬ್ಬಳ ಗೋಳು ಆಗುತ್ತದೆ. ಹೆಸರಿಲ್ಲದಿದ್ದರೆ ಎಲ್ಲರ ಕಥೆ. ಯಲ್ಲಾ, ನಡೀರಿ, ಮುಂದಿನದು.”

“ಅವರಲ್ಲಿ ಹೆಸರು ಹೇಳಲೇಬೇಕಂತೆ ಸರ್” ಎಂದು ಗೊಣಗಿದೆ. ಅದು ನನ್ನ ಪ್ರತಿಭಟನೆ. ಅವರು ಮುಂದಿನ ಚೌಕಕ್ಕೆ ಹೋಗಿ ಆಗಿತ್ತು, ನಾನೂ ಬಾಯಿ ಮುಚ್ಚಿಕೊಂಡೆ.

ಅಲ್ಲಿಂದ ನನ್ನ ಕೈಚಳಕ ಶುರು. ಅಯೇಯೊ ಹೆಸರು ಮುಗಿಸಿ ಪದ್ಯಕ್ಕೆ ಹೋಗುವಾಗ ಉಸಿರು ತೆಗೆಯದೆ ಹೋಗಿದ್ದರು. ಎಲ್ಲಿ ಕತ್ತರಿ ಹಾಕಿದರೂ ಹರಿದದ್ದು ಗೊತ್ತಾಗುತ್ತಿತ್ತು. ಆ ಐವತ್ತು ಸೆಕೆಂಡನ್ನು ಹಿಂದೆ ಮುಂದೆ ಮಾಡಿ ನಲವತ್ತು ಸಲವಾದರೂ ಕೇಳಿರಬೇಕು. ಕೊನೆಗೆ ಒಂದು ಕೂದಲೆಳೆಯಷ್ಟು ಜಾಗ ಸಿಕ್ಕಿತು, ಅಲ್ಲಿ ಕತ್ತರಿಸಿದೆ. ಬೋಳಾಗಿ ಕಾಣುತ್ತದೆ ಎಂದು ಮುಂಭಾಗಕ್ಕೆ ನಮ್ಮ ಸಂಗ್ರಹದಲ್ಲಿದ್ದ ಅಲೆಗಳ ಸದ್ದು ಹಾಕಿದೆ. ಅದೇ ಅಲೆಗಳನ್ನು ಹಿಂದಿನ ವರ್ಷ ಒಂದು ಶಾಂಪೂವಿನ ಜಾಹೀರಾತಿಗೂ ಹಾಕಿದ್ದೆ. ಕೆಳಗೆ ಬರೆಯಬೇಕಾದ ಒಂದು ಸಾಲನ್ನು ನಾನೇ ಬರೆದೆ: ‘ಸೊಮಾಲಿ ಅಜ್ಜಿಯೊಬ್ಬಳು ತಾನೇ ಕಟ್ಟಿದ ಯುದ್ಧದ ಹಾಡು’. ‘ತಾನೇ ಕಟ್ಟಿದ’ ಎಂದು ಬರೆಯುವಂತೆ ನನಗೆ ಯಾರೂ ಹೇಳಿರಲಿಲ್ಲ. ಕೇಳಲು ಚೆನ್ನಾಗಿದೆ ಎಂದು ಸೇರಿಸಿದೆ. ಕಡೆಯ ಪ್ರತಿಗೆ ಒಪ್ಪಿಗೆ ಸಿಕ್ಕಿತು, ಚೌಕ ಹಸಿರಾಯಿತು. ಒಪ್ಪಿಗೆಯಾದ ದಿನವೇ ಮೂಲ ಧ್ವನಿಮುದ್ರಣವನ್ನು ಅಳಿಸಿಹಾಕುವುದು ನಮ್ಮ ಪದ್ಧತಿ, ಇಲ್ಲದಿದ್ದರೆ ಡಿಸ್ಕು ತುಂಬುತ್ತದೆ. ಅಳಿಸಿದೆ. ಖಲಾಸ್.

ಡೇರೆಗೆ ಜನ ಬಂದರು, ಫೋಟೋ ತೆಗೆಸಿಕೊಂಡರು, ಹೋದರು. ನಮ್ಮ ಸಂಘದವರೂ ಕುಟುಂಬ ಸಮೇತ ಬಂದಿದ್ದರು. ಅಧ್ಯಕ್ಷರು ಕಿವಿಗೆ ಹೆಡ್‌ಫೋನ್ ಇಟ್ಟುಕೊಂಡು ಕಣ್ಣು ಮುಚ್ಚಿ ನಿಂತು, ಫೋಟೋ ಆದೊಡನೆ ಕಣ್ಣು ತೆರೆದು ಪಕ್ಕದ ಡೇರೆಯಲ್ಲಿ ತಿಂಡಿ ಏನುಂಟು ಎಂದು ಕೇಳಿದರು. ದೋಹಾದ ಅಲ್ ಥುಮಾಮಾ ಬಡಾವಣೆಯ ಕಡೆಯಿಂದ ನಾಲ್ಕಾರು ಸೊಮಾಲಿ ಹೆಂಗಸರು ಬಂದರು. ಅವರು ಮಾತ್ರ ಪೂರ್ತಿ ಕೇಳಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಾಕೆ ತನ್ನ ಫೋನಿನಲ್ಲಿ ಅದನ್ನು ಮೊದಲಿನಿಂದ ಕೊನೆಯವರೆಗೆ ತುಂಬಿಸಿಕೊಂಡಳು, ನಾನು ಕೆಳಗೆ ಬರೆದ ಸಾಲಿನ ಸಮೇತ. ನಮ್ಮ ಕೆಲಸ ಅಷ್ಟು ಮೆಚ್ಚಿಗೆಯಾಯಿತಲ್ಲ ಎಂದು ನಾನು ಉಬ್ಬಿಹೋದೆ.

ಅದಾಗಿ ಮೂರನೆಯ ದಿನದಿಂದ ಗೋಡೆಯಾಚೆ ಪದ್ಯ ನಿಂತಿತು. ಹೆಂಡತಿಯೇ ಮೊದಲು ಗಮನಿಸಿದ್ದು.

“ಅಜ್ಜಿದ್ದು ಸ್ವರವೇ ಇಲ್ಲ ಮಾರಾಯ್ರೆ. ಹುಷಾರಿಲ್ವ ಎಂತದು? ಒಮ್ಮೆ ಹೋಗಿ ಕೇಳಿ ಬನ್ನಿ” ಎಂದಳು.

ನಾನು ಹೋಗಲಿಲ್ಲ, ಮೊಮ್ಮಗಳೇ ನಮ್ಮ ಬಾಗಿಲಿಗೆ ಬಂದಳು. ಯಾವಾಗಲೂ ನಗುವ ಹುಡುಗಿ, ಅಂದು ಒಳಗೆ ಬಾ ಎಂದರೂ ಬರಲಿಲ್ಲ. ಹೊಸ್ತಿಲಲ್ಲೇ ನಿಂತು ಹೇಳಿದಳು. ಡೇರೆಯಲ್ಲಿ ತುಂಬಿಸಿಕೊಂಡದ್ದು ವಾಟ್ಸಾಪಿನಲ್ಲಿ ನೈರೋಬಿಗೆ ಹೋಗಿದೆ, ಅಲ್ಲಿಂದ ಲಂಡನ್ನಿಗೆ, ಅಲ್ಲಿಂದ ಸ್ವೀಡನ್ನಿಗೆ. ಚದುರಿಹೋದ ಜನ, ಆದರೆ ಒಂದು ಪದ್ಯ ಅವರಲ್ಲಿ ಎರಡು ದಿನದಲ್ಲಿ ಭೂಮಿ ಸುತ್ತಿ ಬರುತ್ತದೆ. ಸತ್ತ ತಂಗಿಯ ಪದ್ಯವನ್ನು ಅಜ್ಜಿ ತನ್ನದೆಂದು ಹೇಳಿಕೊಂಡಿದ್ದಾಳೆ ಎಂದು ಎಲ್ಲ ಕಡೆ ಮಾತಾಗಿದೆ. ಸ್ವೀಡನ್ನಿನಲ್ಲಿ ಆ ತಂಗಿಯ ಮಗಳಿದ್ದಾಳೆ. ಮರದ ಕೆಳಗೆ ತಾಯಿ ಸತ್ತಾಗ ಅವಳಿಗೆ ನಾಲ್ಕು ವರ್ಷ, ಈಗ ನಲವತ್ತರ ಹತ್ತಿರ. ಅವಳು ಫೋನು ಮಾಡಿ ಒಂದೇ ಒಂದು ಪ್ರಶ್ನೆ ಕೇಳಿ ಇಟ್ಟುಬಿಟ್ಟಿದ್ದಾಳೆ: ದೊಡ್ಡಮ್ಮಾ, ಇದು ನನ್ನ ಅಮ್ಮ ಕಟ್ಟಿದ್ದೋ, ನೀನು ಕಟ್ಟಿದ್ದೋ?

“ನೇಮ್ ಕಟ್ ಮಾಡಿದ್ದಾರೆ ಅಂತ ಹೇಳಿದರೆ ಆಯಿತಲ್ಲ” ಎಂದೆ. ಎಷ್ಟು ಹಗುರವಾಗಿ ಹೇಳಿದೆ ಎಂದರೆ, ನನ್ನ ಹೆಂಡತಿ ಒಳಗಿನಿಂದ ಬಂದು ನನ್ನ ಮುಖ ನೋಡಿದಳು.

ಅಷ್ಟು ಸುಲಭವಿರಲಿಲ್ಲ. ಉಳಿದದ್ದನ್ನೂ ಆ ಹುಡುಗಿ ಹೇಳಿದಳು. ಕ್ಯಾಂಪಿನಲ್ಲಿ ತಾಯಿಯಿಲ್ಲದ ಮಗುವನ್ನು ಬೇರೆ ಪಟ್ಟಿಗೆ ಹಾಕಿ ಬೇರೆಡೆಗೆ ಕಳಿಸುತ್ತಾರೆ ಎಂಬ ಹೆದರಿಕೆಯಿಂದ ಅಯೇಯೊ ಆ ಮಗುವನ್ನು ತನ್ನದೇ ಮಗಳು ಎಂದು ಬರೆಸಿದ್ದರು. ಮುಂದೆ ಅವರ ಹಿರಿಯ ಮಗಳಿಗೆ ಸ್ವೀಡನ್ನಿಗೆ ಹೋಗಲು ಅನುಮತಿ ಸಿಕ್ಕಿದಾಗ ಈ ಮಗುವೂ ಅವಳ ತಂಗಿ ಎಂಬ ಕಾಗದದ ಮೇಲೆಯೇ ಹೋಯಿತು. ಅಲ್ಲಿಯ ಅಧಿಕಾರಿಗಳ ಮುಂದೆ ಅದೇ ಮಾತನ್ನು ಮತ್ತೆ ಮತ್ತೆ ಹೇಳಿಸಿದರು. ಹಾಗಾಗಿ ಇವತ್ತಿಗೂ ಅವಳ ಎಲ್ಲ ದಾಖಲೆಗಳಲ್ಲಿ ತಾಯಿಯ ಹೆಸರಿನ ಜಾಗದಲ್ಲಿ ಇರುವುದು ದೊಡ್ಡಮ್ಮನ ಹೆಸರು. ಒಂದು ಸಲ ಅಯೇಯೊ ತಂಗಿಯ ಜಾಗದಲ್ಲಿ ತನ್ನ ಹೆಸರು ಬರೆಸಿದ್ದಾರೆ. ಈಗ ಎರಡನೆಯ ಸಲವೂ ಹಾಗೆಯೇ ಮಾಡಿದ್ದಾರೆ ಎಂದರೆ ಅವಳು ನಂಬದೆ ಇನ್ನೇನು ಮಾಡುತ್ತಾಳೆ? ಪದ್ಯವೇ ಸುಳ್ಳಾದರೆ ಮರ, ಜ್ವರ, ಹನ್ನೊಂದು ದಿನ ಎಲ್ಲವೂ ದೊಡ್ಡಮ್ಮ ಕಟ್ಟಿದ ಕಥೆಯೇ ಆಗಬಹುದು. ಫೋಟೋ ಇಲ್ಲ, ಗೋರಿ ಇಲ್ಲ. ತನಗೊಬ್ಬ ತಾಯಿ ಇದ್ದಳು ಎನ್ನುವುದಕ್ಕೆ ಅವಳಿಗೆ ಇದ್ದದ್ದು ಆ ಪದ್ಯ ಮತ್ತು ಅದರ ಮುಂದಿನ ಹೆಸರು.

“ಅಯೇಯೊ ನಿಮ್ಮನ್ನು ಕರೆಯುತ್ತಿದ್ದಾರೆ” ಎಂದಳು. “ಮೂಲ ರೆಕಾರ್ಡಿಂಗ್ ತೆಗೆದುಕೊಂಡು ಬರಬೇಕಂತೆ.”

ಮೂಲ ರೆಕಾರ್ಡಿಂಗ್. ಅವರಿಗೆ ನನ್ನ ಯಂತ್ರದ ಮೇಲೆ ಎಷ್ಟು ನಂಬಿಕೆ. ನಾನು ಆಫೀಸಿಗೆ ಹೋಗಿ ಡಿಸ್ಕುಗಳನ್ನೆಲ್ಲ ಹುಡುಕಿದೆ, ಅಳಿಸಿದವನು ನಾನೇ ಎಂದು ಗೊತ್ತಿದ್ದೂ ಹುಡುಕಿದೆ. ಮ್ಯಾನೇಜರರ ಹತ್ತಿರ ಹೋಗಿ ಕೆಳಗಿನ ಸಾಲನ್ನಾದರೂ ತಿದ್ದೋಣ ಎಂದೆ. ಡೇರೆ ಇನ್ನು ನಾಲ್ಕು ದಿನವಷ್ಟೇ ಇರುವುದು, ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ ಎಂದರು. ಆಮೇಲೆ, ಸೊಮಾಲಿಗಳು ಅದನ್ನು ಅಷ್ಟು ಹಂಚಿಕೊಳ್ಳುತ್ತಿದ್ದಾರೆ ಎಂದರೆ ಒಳ್ಳೆಯದೇ ಆಯಿತಲ್ಲ, ಅದನ್ನು ರಿಪೋರ್ಟಿನಲ್ಲಿ ಸೇರಿಸಿ ಎಂದರು. ಅವರ ಮೇಲೆ ಸಿಟ್ಟು ಬರಲಿಲ್ಲ. ತಕ್ಕಡಿಯಲ್ಲಿ ಬೇರೆಯವರ ದುಃಖ ತೂಗುವವರಿಗೆ ಅದರ ತೂಕ ಮಾತ್ರ ಕಾಣುವುದು. ಆ ತಕ್ಕಡಿಗೆ ದುಃಖವನ್ನು ತುಂಡು ಮಾಡಿ ಇಡುತ್ತಿದ್ದವನು ನಾನು, ನನಗೆ ಯಾವ ಮುಖದಿಂದ ಸಿಟ್ಟು ಬರಬೇಕು?

ಶುಕ್ರವಾರ ಮಧ್ಯಾಹ್ನ ಬರಿಗೈಯಲ್ಲಿ ಅವರ ಮನೆಗೆ ಹೋದೆ. ಅಯೇಯೊ ಅದೇ ಜಾಗದಲ್ಲಿ ಕುಳಿತಿದ್ದರು. ಚಹಾ ಬರಲಿಲ್ಲ. ಅರಬ್ಬಿಯಲ್ಲಿ ‘ಮಾಫಿ’ ಎಂದೆ, ಅಂದರೆ ಇಲ್ಲ, ರೆಕಾರ್ಡಿಂಗ್ ಇಲ್ಲ. ಮೊಮ್ಮಗಳು ತಿರುಗಿಸಿ ಹೇಳುವ ಅಗತ್ಯವೇ ಬೀಳಲಿಲ್ಲ. ಕ್ಷಮೆ ಕೇಳಲು ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ ಕಟ್ಟಿಕೊಂಡು ಬಂದಿದ್ದೆ. ಮೊದಲನೆಯದು ಮುಗಿಯುವ ಮೊದಲೇ ಅಯೇಯೊ ಕೈ ಎತ್ತಿ ನಿಲ್ಲಿಸಿದರು.

“ನಿನ್ನ ದುಃಖ ನಿನ್ನ ಹತ್ತಿರ ಇಟ್ಟುಕೊ” ಎಂದರು. “ಮೂವತ್ತು ವರ್ಷಕ್ಕೂ ಹೆಚ್ಚು ನಾನು ಕಾಗದ ಇಲ್ಲದೆ ಹೊತ್ತದ್ದನ್ನು ನೀನು ಮೂವತ್ತು ದಿನ ಇಟ್ಟುಕೊಳ್ಳಲಿಲ್ಲ. ಈಗ ಅವಳಿಗೆ ಹೇಳು, ಏನು ಮಾಡಿದೆ ಎಂದು.”

ಮೊಮ್ಮಗಳು ಫೋನಿನಲ್ಲಿ ಸ್ವೀಡನ್ನಿಗೆ ಕರೆ ಮಾಡಿ ನನ್ನ ಕೈಗೆ ಕೊಟ್ಟಳು. ಪರದೆಯಲ್ಲಿ ಒಬ್ಬ ಹೆಂಗಸು, ದಪ್ಪ ಸ್ವೆಟರು, ಹಿಂದೆ ಅಡುಗೆಮನೆಯ ಕಪಾಟು. ದೊಡ್ಡಮ್ಮನ ಮುಖ ಕಾಣದೆ ನನ್ನದು ಕಂಡದ್ದರಿಂದ ಹುಬ್ಬು ಗಂಟಿಕ್ಕಿದಳು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಿಮ್ಮ ದೊಡ್ಡಮ್ಮ ಹೆಸರು ಹೇಳಿಯೇ ಶುರುಮಾಡಿದ್ದರು. ಮೂರು ನಿಮಿಷಕ್ಕೆ ಇಳಿಸಬೇಕೆಂದು ನಾನು ಕತ್ತರಿಸಿದೆ. ‘ತಾನೇ ಕಟ್ಟಿದ’ ಎಂದು ಬರೆದದ್ದೂ ನಾನೇ. ಮೂಲವನ್ನು ಅಳಿಸಿದ್ದೂ ನಾನೇ.

ಅವಳು ಇಂಗ್ಲಿಷಿನಲ್ಲಿ ಹೇಳಿದಳು, “ನಾನು ಇಲ್ಲಿ ಬಂದ ದಿನದಿಂದ ನೋಡುತ್ತಿದ್ದೇನೆ. ನಮ್ಮವರು ಎಲ್ಲರೂ ಅಧಿಕಾರಿಗಳಿಗೆ ಬೇಕಾದ ಹಾಗೆ ಕಥೆ ಹೇಳಿಯೇ ಉಳಿದವರು. ನಾನೂ ಹೇಳಿದ್ದೇನೆ. ಒಬ್ಬ ಪಕ್ಕದ ಮನೆಯವನನ್ನು ಕೂರಿಸಿ ಹೀಗೆ ಹೇಳು ಎಂದು ಹೇಳಿಕೊಡುವುದು ದೊಡ್ಡಮ್ಮನಿಗೆ ಕಷ್ಟವಲ್ಲ. ನೀವು ಕತ್ತರಿಸಿದ್ದು ಏನು? ಅದರಲ್ಲಿ ಏನಿತ್ತು?”

ನನಗೆ ಅವರ ಭಾಷೆ ಬರುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಬಾಯಿಂದ ಬಂದದ್ದು ಬೇರೆ. ನಲವತ್ತು ಸಲ ಹಿಂದೆ ಮುಂದೆ ಮಾಡಿ ಕೇಳಿದ್ದ ಆ ಐವತ್ತು ಸೆಕೆಂಡು ಕಿವಿಯಲ್ಲೇ ಕುಳಿತಿತ್ತು. ಗಿಣಿಯ ಹಾಗೆ ಶುರುಮಾಡಿದೆ. ಹೆಸರು, ತಂದೆಯ ಹೆಸರು, ಅಜ್ಜನ ಹೆಸರು. ಎರಡನೆಯ ಹೆಸರಾದ ಮೇಲೆ ಅಯೇಯೊ ಗಂಟಲು ಸರಿಮಾಡಿಕೊಂಡಿದ್ದರು, ನಾನೂ ಅಲ್ಲಿ ನಿಂತೆ. ಎಲ್ಲಿ ಸ್ವರ ಏರಿತ್ತೋ ಅಲ್ಲಿ ಏರಿಸಿದೆ, ಒಂದು ಶಬ್ದವನ್ನು ಅವರು ಎರಡು ಸಲ ಹೇಳಿದ್ದರೆ ನಾನೂ ಎರಡು ಸಲ ಹೇಳಿದೆ. ಯಾವುದು ಮರ, ಯಾವುದು ಜ್ವರ ಎಂದು ನನಗೆ ಗೊತ್ತಿರಲಿಲ್ಲ. ಅಯೇಯೊ ಮುಂದಕ್ಕೆ ಬಾಗಿ ನನ್ನ ತುಟಿಗಳನ್ನೇ ನೋಡುತ್ತಿದ್ದರು, ತಪ್ಪು ಹುಡುಕುವ ಪಂಡಿತರ ಹಾಗೆ. ಕೊನೆಯಲ್ಲಿ, ಪದ್ಯಕ್ಕೆ ಹೋಗುವ ಮೊದಲು, ನಾಲ್ಕು ಶಬ್ದಗಳ ಒಂದು ಮಾತು ಇತ್ತು. ಧ್ವನಿಮುದ್ರಣದ ದಿನ ಮೊಮ್ಮಗಳು ಅದನ್ನು ತಿರುಗಿಸಿಯೇ ಇರಲಿಲ್ಲ, ಮನೆಯ ಮಾತು ಎಂದು ಕೈ ಬೀಸಿದ್ದಳು. ಅದನ್ನೂ ಹೇಳಿ ನಿಲ್ಲಿಸಿದೆ.

ಪರದೆಯ ಹೆಂಗಸು ಅಲ್ಲಾಡಲಿಲ್ಲ. ನೆಟ್‌ವರ್ಕ್ ಹೋಯಿತೋ ಎಂದುಕೊಂಡೆ.

“ಕೊನೆಯದು ಇನ್ನೊಮ್ಮೆ ಹೇಳಿ” ಎಂದಳು.

ಹೇಳಿದೆ.

“ಅದರ ಅರ್ಥ ಗೊತ್ತಾ ನಿಮಗೆ?”

ಇಲ್ಲ ಎಂದೆ.

“ಸಕ್ಕರೆ ಕಳ್ಳಿಯ ತಾಯಿ” ಎಂದಳು. “ಅಮ್ಮ ಹೊಲಿಯುತ್ತಾ ಕುಳಿತಾಗ ನಾನು ಡಬ್ಬಿಯಿಂದ ಸಕ್ಕರೆ ಕದಿಯುತ್ತಿದ್ದೆ. ಅಮ್ಮ ನನ್ನನ್ನು ಸಕ್ಕರೆ ಕಳ್ಳಿ ಎಂದೇ ಕರೆಯುತ್ತಿದ್ದಳು. ಅವಳು ಹೋದ ಮೇಲೆ ದೊಡ್ಡಮ್ಮ ನನ್ನನ್ನು ಒಂದು ಸಲವೂ ಹಾಗೆ ಕರೆದಿಲ್ಲ. ಬೇರೆಯವರು ಕೇಳಿಸಿಕೊಂಡರೆ ನಾನು ದೊಡ್ಡಮ್ಮನ ಮಗಳಲ್ಲ ಎಂದು ಗೊತ್ತಾಗಬಹುದೆಂದು. ನನ್ನೆದುರು ಪದ್ಯ ಹೇಳುವಾಗಲೂ ಈ ಮಾತು ಬರುತ್ತಿರಲಿಲ್ಲ.”

ಅಯೇಯೊ ಸೆರಗಿನಂಥ ಶಾಲಿನಿಂದ ಮುಖ ಮುಚ್ಚಿಕೊಂಡರು. ಪದ್ಯ ಹೇಳುವಾಗ ಅಳದವರು ಈಗ ಭುಜ ಕುಲುಕಿಸಿ ಅಳುತ್ತಿದ್ದರು. ನಾನು ತೆಗೆದುಹಾಕಿದ್ದು ಸತ್ತವಳ ಹೆಸರು ಮಾತ್ರ ಎಂದು ತಿಳಿದಿದ್ದೆ. ಬದುಕಿರುವ ಒಬ್ಬಳು, ತನ್ನ ತಾಯಿಯ ಮಗಳಾಗಿ ಜಗತ್ತಿನಲ್ಲಿ ಒಂದೇ ಒಂದು ಕಡೆ, ಆ ನಾಲ್ಕು ಶಬ್ದಗಳಲ್ಲಿ, ಇದ್ದಳು. ಅಲ್ಲಿಂದಲೂ ಅವಳನ್ನು ಕಿತ್ತು ಬಿಸಾಡಿದ್ದೆ.

ಅವಳು ಎದ್ದು ಹೋಗಿ ಕಾಗದ, ಪೆನ್ನು ತಂದು ಕುಳಿತಳು. ಕಣ್ಣು ಒರೆಸಿಕೊಂಡು, “ಮೊದಲಿನಿಂದ ಹೇಳಿ. ನಿಧಾನಕ್ಕೆ” ಎಂದಳು.

ಹೆಸರು ಹೇಳಿದೆ, ಬರೆದುಕೊಂಡಳು. ತಂದೆಯ ಹೆಸರು, ಅಜ್ಜನ ಹೆಸರು, ಮರ, ಜ್ವರ, ಒಂದೊಂದನ್ನೂ ಬರೆದುಕೊಂಡಳು. ಕೊನೆಯ ನಾಲ್ಕು ಶಬ್ದಕ್ಕೆ ಬಂದಾಗ ಪೆನ್ನು ಕೆಳಗಿಟ್ಟಳು.

“ಅದನ್ನು ಬರೆಯಬೇಕಾಗಿಲ್ಲ” ಎಂದಳು. “ಅದು ನಾನು.”